ಆಡಿನ ಪಾಲಿನ ಬೂತಾಯಿ

ಭೋಜರಾಜನನ್ನು ಖಸಬ್‌ಗೆ ಕಳಿಸುವುದೆಂದು ತೀರ್ಮಾನವಾದದ್ದು 1987ರಲ್ಲಿ, ರಂಜಾನ್ ಮುಗಿದ ವಾರ. ಅವನು ಮಸ್ಕತ್ ನಗರದ ವಾದಿ ಅದಾಯ್‌ನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಗ್ಯಾರೇಜಿನ ದೊಡ್ಡ ಗಿರಾಕಿಯಾಗಿದ್ದ ಕಂಪನಿಯೊಂದು ಲಾರಿಗಳನ್ನೆಲ್ಲ ಮಾರಿ ಬಾಗಿಲು ಹಾಕಿದ ಮೇಲೆ ಅಲ್ಲಿ ಕೆಲಸಕ್ಕಿಂತ ಕೆಲಸದವರೇ ಹೆಚ್ಚಾಗಿದ್ದರು. ಗ್ಯಾರೇಜಿನ ಒಡೆಯ, ಅಂದರೆ ಇವರಿಗೆಲ್ಲ ವೀಸಾ ಕೊಟ್ಟು ಕರೆಸಿಕೊಂಡಿದ್ದ ಕಫೀಲ್, ಒಮಾನಿನ ಉತ್ತರದ ತುದಿಯಲ್ಲಿರುವ ಖಸಬ್ ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿಗೆಂದು ಒಂದು ಶೆಡ್ ತೆರೆದ. ಅಲ್ಲಿಗೆ ಒಬ್ಬ ಬೇಕಾಗಿತ್ತು. ಇಂಜಿನ್ ಬಲ್ಲವನು ಭೋಜರಾಜ.

"ನಾನು ಅಲ್ಲಿ ಶೆಡ್ಡಿನಲ್ಲೇ ಮಲಗಬೇಕು. ನೀವಿಬ್ಬರು ಇಲ್ಲೇ ಇರಿ," ಎಂದ ಅವನು ಹೆಂಡತಿಗೆ. "ಈ ರೂಮಿನ ಬಾಡಿಗೆ ಕಫೀಲ್ ಕೊಡ್ತಾನೆ. ಶರ್ಮಿಳನ ಶಾಲೆಯೂ ಇಲ್ಲೇ ಉಂಟು. ಮೂರು ತಿಂಗಳಿಗೊಮ್ಮೆ ನಾನು ಬರ್ತೇನೆ."

ಹರಿಣಾಕ್ಷಿ ತಲೆಯಾಡಿಸಿದಳು. ಉಚ್ಚಿಲದ ಮೀನುಗಾರ ಮೊಗವೀರರ ಮನೆಯ ಹೆಣ್ಣು, ವಯಸ್ಸು ಮೂವತ್ತೊಂದು. ಮದುವೆಯಾದ ಮೇಲೆ ಮೂರು ವರ್ಷ ಬೊಂಬಾಯಿಯಲ್ಲಿದ್ದು, ಆಮೇಲೆ ಗಂಡನ ಹಿಂದೆ ಒಮಾನಿಗೆ ಬಂದವಳು. ಮಗಳಿಗೆ ಒಂಬತ್ತು ವರ್ಷ. ದಾರ್ಸೈಟ್‌ನ ಇಂಡಿಯನ್ ಸ್ಕೂಲಿಗೆ ವ್ಯಾನಿನಲ್ಲಿ ಹೋಗಿಬರುತ್ತಿದ್ದಳು.

"ತಿಂಗಳಿಗೆ ನಲವತ್ತು ರಿಯಾಲ್ ಸಾಕಾಗ್ತದಲ್ಲ?" ಎಂದು ಅವನು ಕೇಳಿದಾಗ ಹರಿಣಾಕ್ಷಿ ಸಾಕಾಗ್ತದೆ ಎಂದಳು. ಸಾಕೋ ಸಾಲದೋ ಅವಳಿಗೆ ಹೇಗೆ ಗೊತ್ತಾಗಬೇಕು? ಅಲ್ಲಿಯವರೆಗೆ ಮನೆಗೆ ಸಾಮಾನು ತರುತ್ತಿದ್ದವನು ಅವನೇ. ಗುರುವಾರ ಸಂಜೆ ಪಿಕಪ್ಪಿನಲ್ಲಿ ಅಕ್ಕಿ, ಬೇಳೆ, ತರಕಾರಿ ತಂದು ಅಡುಗೆಕೋಣೆಯ ನೆಲದಲ್ಲಿಡುತ್ತಿದ್ದ. ಒಂದು ಕಿಲೋ ಈರುಳ್ಳಿಗೆ ಎಷ್ಟೆಂದು ಅವಳು ಒಂದು ದಿನವೂ ಕೇಳಿದವಳಲ್ಲ.

ಶಾಲೆಯ ಫೀಸು, ವ್ಯಾನು, ಗ್ಯಾಸು, ಕರೆಂಟು ಹೋಗಿ ಉಳಿದದ್ದು ಇಪ್ಪತ್ತೊಂದು ರಿಯಾಲ್. ಕಟ್ಟಡದ ಕೆಳಗೇ ಪುತ್ತೂರು ಕಡೆಯ ಮೊಯ್ದೀನ್ ಬ್ಯಾರಿಯ ಕೋಲ್ಡ್ ಸ್ಟೋರ್ ಇತ್ತು. ಹೆಸರಿಗೆ ಕೋಲ್ಡ್ ಸ್ಟೋರ್, ಬೆಂಕಿಪೊಟ್ಟಣದಿಂದ ಹಿಡಿದು ಬಸಳೆ ಸೊಪ್ಪಿನವರೆಗೆ ಎಲ್ಲ ಸಿಗುವ ಸಣ್ಣ ಅಂಗಡಿ. ಬೇಕಾದಾಗ ಬೇಕಾದದ್ದನ್ನು ಅಲ್ಲಿಂದ ತಂದಳು. ಹದಿನೆಂಟನೇ ತಾರೀಕಿಗೆ ಪರ್ಸಿನಲ್ಲಿ ಚಿಲ್ಲರೆ ಮಾತ್ರ ಉಳಿಯಿತು. ಉಳಿದ ಹನ್ನೆರಡು ದಿನ ತಾಯಿ ಮಗಳು ಗಂಜಿ ಮತ್ತು ಉಪ್ಪಿನಕಾಯಿಯಲ್ಲಿ ಕಳೆದರು. "ಇವತ್ತೂ ಗಂಜಿಯಾ ಮಮ್ಮಿ?" ಎಂದು ಮಗಳು ಕೇಳಿದಾಗ, "ಹೊಟ್ಟೆಗೆ ತಂಪು," ಎಂದಳು ಹರಿಣಾಕ್ಷಿ.

ಮುಂದಿನ ತಿಂಗಳು ಮೊದಲ ದಿನವೇ ಅವಳು ಅಂಗಡಿಗೆ ಹೋಗಿ ಏನನ್ನೂ ತೆಗೆದುಕೊಳ್ಳದೆ ನಿಂತಳು. ಒಂದೊಂದಕ್ಕೂ ಕ್ರಯ ಕೇಳಿದಳು. ಟೊಮೆಟೊ, ಈರುಳ್ಳಿ, ಮೊಟ್ಟೆ, ಹಾಲಿನ ಪುಡಿ. ಮೊಯ್ದೀನ್ ಹೇಳುತ್ತ ಹೋದರು. ಕೊನೆಗೆ ಅವಳ ಮುಖ ನೋಡಿ ಗಲ್ಲಾದಿಂದ ಎದ್ದು ಬಂದರು.

"ಅಕ್ಕಾ, ಒಂದು ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ತರಕಾರಿ ನನ್ನ ಹತ್ತಿರ ತಗೊಳ್ಬೇಡಿ. ನಾನೇ ವಾದಿ ಕಬೀರಿನ ಸಗಟು ಮಾರ್ಕೆಟಿನಿಂದ ತರುವುದು. ತಂದು ಒಂದಕ್ಕೆರಡು ಹಾಕ್ತೇನೆ. ಶುಕ್ರವಾರ ನಮಾಜಿಗೆ ಮೊದಲು, ಹತ್ತೂವರೆ ಹೊತ್ತಿಗೆ ಹೋಗಿ. ಮುಚ್ಚುವ ಗಡಿಬಿಡಿಯಲ್ಲಿ ಅರ್ಧಕ್ಕೆ ಕೊಡ್ತಾರೆ."

"ನಿಮಗೆ ನಷ್ಟ ಅಲ್ವಾ ಬ್ಯಾರಿಗಳೇ?"

"ಅಕ್ಕಿ ನನ್ನಲ್ಲೇ ತಗೊಳ್ಳಿ. ನುಚ್ಚಕ್ಕಿ ಉಂಟು, ರುಚಿ ಏನೂ ವ್ಯತ್ಯಾಸ ಇಲ್ಲ."

ಆ ಶುಕ್ರವಾರ ಹರಿಣಾಕ್ಷಿ ಟ್ಯಾಕ್ಸಿಯ ಇನ್ನೂರು ಬೈಸಾ, ಅಂದರೆ ರಿಯಾಲಿನ ಐದರಲ್ಲೊಂದು ಪಾಲು, ಉಳಿಸಲೆಂದು ನಡೆದೇ ಹೋದಳು. ಬೋಳು ಗುಡ್ಡಗಳ ನಡುವಿನ ರಸ್ತೆ. ಒಂಬತ್ತು ಗಂಟೆಗೇ ಟಾರು ಚಪ್ಪಲಿಗೆ ಅಂಟುತ್ತಿತ್ತು. ಮಾರುಕಟ್ಟೆಯಲ್ಲಿ ಕ್ರಯ ಕೇಳಿ ಅವಳಿಗೆ ನಂಬಿಕೆಯೇ ಬರಲಿಲ್ಲ. ಆದರೆ ಅಲ್ಲಿ ಕಿಲೋ ಲೆಕ್ಕವಿರಲಿಲ್ಲ. ಟೊಮೆಟೊ ಬೇಕಾದರೆ ಒಂದು ಪೆಟ್ಟಿಗೆ, ಈರುಳ್ಳಿ ಬೇಕಾದರೆ ಒಂದು ಚೀಲ. ಎಂಟು ಹತ್ತು ಗಂಡಸರು ಒಟ್ಟಿಗಿರುವ ರೂಮುಗಳವರು ಹೆಗಲ ಮೇಲೆ ಪೆಟ್ಟಿಗೆ ಹೊತ್ತು ಹೋಗುತ್ತಿದ್ದರು. ಒಬ್ಬ ಹೆಂಗಸಿಗೆ, ಒಂದು ಸಣ್ಣ ಹುಡುಗಿಗೆ ಏಳು ಕಿಲೋ ಟೊಮೆಟೊ ಎಂತಕ್ಕೆ? ಆದರೂ ಕೊಂಡಳು. ತಲೆಯ ಮೇಲೆ ಹೊತ್ತು ತಂದಳು. ವಾರದೊಳಗೆ ಅರ್ಧ ಪೆಟ್ಟಿಗೆ ನೀರೊಡೆಯಿತು.

ಎರಡನೇ ಸಲ ಬುದ್ಧಿ ಬಂತು. ಮೆತ್ತಗಾದವನ್ನು ಅಂದೇ ಕುದಿಸಿ ಗೊಜ್ಜು ಮಾಡಿದಳು. ಗಟ್ಟಿಯಾದವನ್ನು ಸೀಳಿ ಉಪ್ಪು ಸವರಿ ಟೆರೇಸಿನಲ್ಲಿ ಹಳೆಯ ಸೀರೆಯ ಮೇಲೆ ಹರವಿದಳು. ಎರಡೇ ದಿನಕ್ಕೆ ಅವು ಚರ್ಮದಂತೆ ಒಣಗಿದವು. ಮಸ್ಕತ್‌ನ ಬಿಸಿಲು ದುಡ್ಡು ಕೇಳದೆ ಕೆಲಸ ಮಾಡುತ್ತಿತ್ತು. ಕಲ್ಲಂಗಡಿಯ ಕೆಂಪು ತಿರುಳು ಮಗಳಿಗೆ, ಬಿಳಿಯ ಸಿಪ್ಪೆಯನ್ನು ನುಚ್ಚಕ್ಕಿಯೊಡನೆ ಅರೆದು ದೋಸೆಗೆ. ಅರ್ಧ ತೆಂಗಿನಕಾಯಿ ಮೂರು ದಿನಕ್ಕೆ. ಇಷ್ಟೆಲ್ಲ ಮಾಡಿ ತಿಂಗಳ ಕೊನೆಯ ದಿನ ಪರ್ಸು ತೆರೆದಾಗ ಅದರಲ್ಲಿ ಒಂದೂವರೆ ರಿಯಾಲ್ ಇತ್ತು. ಆ ಸಂತೋಷವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಶರ್ಮಿಳ ಹೋಂವರ್ಕಿನಲ್ಲಿ ತಲೆ ತಗ್ಗಿಸಿದ್ದಳು. ಹರಿಣಾಕ್ಷಿ ಆ ನೋಟುಗಳನ್ನು ಮತ್ತೆ ಮಡಚಿ ಹಾಲಿನ ಪುಡಿಯ ಖಾಲಿ ಡಬ್ಬದಲ್ಲಿಟ್ಟಳು.

ಒಂದೇ ಒಂದಕ್ಕೆ ಮಾತ್ರ ದಾರಿ ಸಿಗಲಿಲ್ಲ. ಅದು ಮೀನು. ಹುಟ್ಟಿದಂದಿನಿಂದ ಮೀನಿನ ವಾಸನೆಯಲ್ಲೇ ಬೆಳೆದವಳಿಗೆ ಏಳು ತಿಂಗಳು ಮೀನಿಲ್ಲ. ಮತ್ರಾದ ಮೀನು ಮಾರುಕಟ್ಟೆಗೆ ಎರಡು ಟ್ಯಾಕ್ಸಿ ಬದಲಿಸಬೇಕು; ಹೋದರೂ ಅಂಜಲ್ ಮೀನಿನ ಕ್ರಯ ಮುಟ್ಟುವ ಹಾಗಿರಲಿಲ್ಲ. ಒಂದು ಬೆಳಿಗ್ಗೆ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗಾಳಿಯಲ್ಲಿ ಬೂತಾಯಿ ಮೀನಿನ ವಾಸನೆ ಬಂತು. ಭ್ರಮೆ ಎಂದುಕೊಂಡಳು. ಕೆಳಗೆ ಇಣುಕಿ ನೋಡಿದರೆ ಕಟ್ಟಡದ ಹಿಂದೆ, ಗುಡ್ಡದ ಬುಡದ ಹಳೇ ಮನೆಗಳ ಎದುರು ಒಂದು ಪಿಕಪ್ ನಿಂತಿತ್ತು. ಹಿಂಬದಿಯಲ್ಲಿ ಬೂತಾಯಿ ರಾಶಿ ಬಿದ್ದು ಬಿಸಿಲಿಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಹರಿಣಾಕ್ಷಿ ಚೀಲ ಹಿಡಿದು ಓಡಿದಳು. "ಒಂದು ಕಿಲೋ," ಎಂದಳು ಹಿಂದಿಯಲ್ಲಿ.

ಮಾರುವವನು ನಕ್ಕ. "ಕಿಲೋ ಇಲ್ಲ. ಬುಟ್ಟಿ ಲೆಕ್ಕ. ಇದು ಆಡಿಗೆ ಹಾಕುವುದು. ಇಲ್ಲಿ ಆಡುಗಳೂ ಮೀನು ತಿನ್ನುತ್ತವೆ."

ಬುಟ್ಟಿಯೆಂದರೆ ಎಂಟು ಕಿಲೋಗೆ ಕಡಿಮೆ ಇರಲಿಲ್ಲ. ಅವಳು ಚೀಲ ಮಡಚತೊಡಗಿದಳು. ಪಕ್ಕದಲ್ಲಿ ಬಣ್ಣದ ಕಸೂತಿಯ ಉದ್ದ ಅಂಗಿ ತೊಟ್ಟ ಮುದುಕಿಯೊಬ್ಬಳು ತನ್ನ ಬುಟ್ಟಿಯನ್ನು ನೆಲಕ್ಕಿಳಿಸಿದಳು. ಗುಲ್‌ಬೀಬಿ ಎಂದು ಅವಳ ಹೆಸರು, ಬಲೂಚಿ ಹೆಂಗಸು. ಬಾಲ್ಯವನ್ನು ಕರಾಚಿಯಲ್ಲಿ ಕಳೆದವಳಾದ್ದರಿಂದ ಹಿಂದಿ ಸಲೀಸಾಗಿ ಬರುತ್ತಿತ್ತು.

"ನನ್ನದರಲ್ಲಿ ತಗೋ ಬೇಟಿ. ನಿನಗೆ ಎಷ್ಟು ಆಡು?"

ಹರಿಣಾಕ್ಷಿಗೆ ಮುಖ ಬಿಸಿಯಾಯಿತು. ಆಡಿನ ಮೇವನ್ನು ತಿನ್ನಲು ಒಯ್ಯುತ್ತೇನೆಂದು ಹೇಗೆ ಹೇಳುವುದು? "ಎರಡು," ಎಂದುಬಿಟ್ಟಳು.

"ಎರಡಕ್ಕೆ ಇಷ್ಟು ಸಾಕು," ಎಂದು ಗುಲ್‌ಬೀಬಿ ಎರಡು ಬೊಗಸೆ ತುಂಬಿ ಚೀಲಕ್ಕೆ ಹಾಕಿದಳು. ಐವತ್ತು ಬೈಸಾ ತೆಗೆದುಕೊಂಡಳು.

ಅಂದು ಮಧ್ಯಾಹ್ನ ಹರಿಣಾಕ್ಷಿ ಹುಳಿ-ಖಾರದ ಮೀನು ಸಾರು, ಪುಳಿಮುಂಚಿ ಮಾಡಿದಳು. ಶರ್ಮಿಳ ಶಾಲೆಯಿಂದ ಬಂದು ಕೈ ತೊಳೆಯದೆ ಉಣ್ಣಲು ಕುಳಿತಳು. ಅಂದಿನಿಂದ ಬುಧವಾರ ಬುಧವಾರ ಪಿಕಪ್ ಬರುವುದು, ಗುಲ್‌ಬೀಬಿಯ ಬುಟ್ಟಿಯಿಂದ ಇವಳಿಗೆ ಎರಡು ಬೊಗಸೆ. "ಆಡುಗಳು ಹೇಗಿವೆ? ಹಾಲು ಕೊಡುತ್ತವಾ?" ಎಂದು ಮುದುಕಿ ಕೇಳುವುದು, "ಇನ್ನೂ ಮರಿಗಳು," ಎಂದು ಇವಳು ತಲೆ ತಗ್ಗಿಸುವುದು.

ಐದಾರು ವಾರ ಹೀಗೆ ನಡೆಯಿತು. ಒಂದು ದಿನ ಹರಿಣಾಕ್ಷಿ ಬೂತಾಯಿಗೆ ಮೆಣಸು ಸವರಿ ಕಾವಲಿಯಲ್ಲಿ ಹುರಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಗುಲ್‌ಬೀಬಿ, ಕೈಯಲ್ಲಿ ಒಂದು ಹಿಡಿ ಆಲ್ಫಾಲ್ಫಾ ಹುಲ್ಲು.

"ನಿನ್ನ ಮರಿಗಳಿಗೆ ತಂದೆ," ಎಂದು ಮುದುಕಿ ಒಳಗೆ ಇಣುಕಿದಳು. ಮೂಗೆಳೆದಳು. ಕಾವಲಿಯನ್ನು ನೋಡಿದಳು. ತಟ್ಟೆಯ ಮುಂದೆ ಕುಳಿತಿದ್ದ ಹುಡುಗಿಯನ್ನು ನೋಡಿದಳು. "ನಿನ್ನ ಆಡುಗಳು ಹುರಿದು ತಿನ್ನುತ್ತವಾ?"

ಹರಿಣಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಗುಲ್‌ಬೀಬಿ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದಲ್ಲಿ ಕುಳಿತಳು. "ನನಗೂ ಒಂದು ಕೊಡು."

ಎರಡು ಮೀನನ್ನು ಮುಳ್ಳು ಮಾತ್ರ ಉಳಿಯುವಂತೆ ತಿಂದಳು. ತಿಂದಾದ ಮೇಲೆ ಬೆರಳು ಒರೆಸಿಕೊಳ್ಳುತ್ತ ಹೇಳಿದಳು: "ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಈ ಊರಲ್ಲಿ ರಸ್ತೆ ಇರಲಿಲ್ಲ, ಕರೆಂಟು ಇರಲಿಲ್ಲ. ಖರ್ಜೂರ ಮತ್ತು ಇದೇ ಮೀನು ತಿಂದೇ ಮಗನನ್ನು ಬೆಳೆಸಿದ್ದು. ಈಗ ಅವನು ಇದರ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಾನೆ. ನೀನೇಕೆ ನಾಚುತ್ತೀ? ಮೊದಲೇ ಹೇಳಿದ್ದರೆ ಆರಿಸಿ ದೊಡ್ಡದನ್ನು ಕೊಡುತ್ತಿದ್ದೆ."

ಅಲ್ಲಿಂದ ಇಬ್ಬರ ಕೊಡು-ಕೊಳ್ಳುವಿಕೆ ಶುರುವಾಯಿತು. ಶುಕ್ರವಾರದ ಟೊಮೆಟೊ ಪೆಟ್ಟಿಗೆಯಲ್ಲಿ ಅರ್ಧ ಗುಲ್‌ಬೀಬಿಗೆ, ಈರುಳ್ಳಿ ಚೀಲದಲ್ಲಿ ಅರ್ಧ ಗುಲ್‌ಬೀಬಿಗೆ. ಕ್ರಯವೂ ಅರ್ಧರ್ಧ. ಹರಿಣಾಕ್ಷಿಯ ಮನೆಯ ತರಕಾರಿ ಸಿಪ್ಪೆಯೆಲ್ಲ ಗುಲ್‌ಬೀಬಿಯ ಒಂಬತ್ತು ಆಡುಗಳಿಗೆ. ಅದಕ್ಕೆ ಬದಲು ವಾರಕ್ಕೆರಡು ಸಲ ಒಂದು ಲೋಟ ಆಡಿನ ಹಾಲು. ಗುಲ್‌ಬೀಬಿಯ ಮಗ ಯಾಕೂಬ್ ಸೇನೆಯಲ್ಲಿದ್ದ. ಹೆಚ್ಚಾಗಿ ದೂರದ ಠಾಣೆಗಳಲ್ಲೇ ಇರುತ್ತಿದ್ದ. ಮುದುಕಿಯೂ ಒಬ್ಬಳೇ. ಪಾಲು ಮಾಡಲು ಕುಳಿತರೆ ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆ. ಒಂದು ಟೊಮೆಟೊ ನಿನಗೆ, ಒಂದು ನನಗೆ; ಬೆಸ ಉಳಿದರೆ ಅದನ್ನು ಅಲ್ಲೇ ಉಪ್ಪು ಹಾಕಿ ತಿನ್ನುವುದು. ಹರಿಣಾಕ್ಷಿ ಅವಳನ್ನು ಮೌಸಿ ಎಂದು ಕರೆಯತೊಡಗಿದಳು.

ಭೋಜರಾಜ ಹೇಳಿದಂತೆ ಮೂರು ತಿಂಗಳಿಗೊಮ್ಮೆ ಬರುತ್ತಿದ್ದ. ಬಂದರೆ ಎರಡು ದಿನ. ಮೊದಲ ದಿನ ನಿದ್ದೆ, ಎರಡನೇ ದಿನ ಗ್ಯಾರೇಜು. ಎರಡನೇ ವರ್ಷದ ಒಂದು ಭೇಟಿಯಲ್ಲಿ ಹರಿಣಾಕ್ಷಿ ಹುರುಪಿನಿಂದ ಅಡುಗೆ ಮಾಡಿದಳು. ಪುಳಿಮುಂಚಿ, ಟೊಮೆಟೊ ಗೊಜ್ಜು, ಸಿಪ್ಪೆಯ ದೋಸೆ. ಯಾವುದಕ್ಕೆ ಎಷ್ಟು ಬಿತ್ತು, ಎಷ್ಟು ಉಳಿಯಿತು ಎಂದು ಉಣ್ಣುತ್ತಿದ್ದವನಿಗೆ ಹೇಳುತ್ತ ಹೋದಳು. ಅಷ್ಟು ದಿನ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಲೆಕ್ಕವೆಲ್ಲ ಹೊರಬಂತು. ಹಾಲಿನ ಪುಡಿಯ ಡಬ್ಬ ತಂದು ತೋರಿಸಿದಳು. ಅದರಲ್ಲಿ ಹತ್ತೊಂಬತ್ತು ರಿಯಾಲ್ ಇತ್ತು. ರಜೆಯಲ್ಲಿ ಮಗಳನ್ನು ಕರೆದುಕೊಂಡು ಒಮ್ಮೆ ಖಸಬ್‌ಗೆ ಬರಬೇಕು, ಅವನಿರುವ ಜಾಗ ನೋಡಬೇಕು ಎಂದು ಅವಳ ಮನಸ್ಸಿನಲ್ಲಿತ್ತು. ಅದನ್ನು ಹೇಳುವ ಮೊದಲೇ ಅವನು ಡಬ್ಬವನ್ನು ಕೈಗೆ ತೆಗೆದುಕೊಂಡ.

"ನೀನು ಭಾರೀ ಜೋರಿದ್ದೀ ಮಾರಾಯ್ತಿ," ಎಂದ ನಿಜವಾದ ಮೆಚ್ಚುಗೆಯಿಂದ. "ಹಾಗಾದರೆ ಮೂವತ್ತೈದು ಸಾಕು ನಿನಗೆ. ಊರಲ್ಲಿ ಅಮ್ಮನ ಮನೆಗೆ ಹಂಚು ಹೊದಿಸಬೇಕು, ಈ ಮಳೆಗಾಲ ದಾಟುವುದಿಲ್ಲ. ಇದನ್ನೂ ಅದಕ್ಕೇ ಕಳಿಸ್ತೇನೆ."

ಅವನು ಕೆಟ್ಟವನಲ್ಲ. ಅವನ ಅಮ್ಮನ ಮನೆ ಸೋರುತ್ತಿದ್ದದ್ದೂ ಸುಳ್ಳಲ್ಲ. ಹರಿಣಾಕ್ಷಿ ಖಾಲಿ ಡಬ್ಬವನ್ನು ಮತ್ತೆ ಕಪಾಟಿನಲ್ಲಿಟ್ಟಳು. ಮುಂದಿನ ತಿಂಗಳಿಂದ ಮೂವತ್ತೈದೇ ಬಂತು.

ಬುಧವಾರ ಮೀನು ಆರಿಸುತ್ತ ಇದನ್ನು ಹೇಳಿದಾಗ ಗುಲ್‌ಬೀಬಿ ಕೆಮ್ಮು ಬರುವವರೆಗೆ ನಕ್ಕಳು. "ದಡ್ಡಿ! ಉಳಿಸಿದ್ದನ್ನು ಯಾರಾದರೂ ಗಂಡನಿಗೆ ತೋರಿಸುತ್ತಾರಾ? ಮುಂದಿನ ಸಲ ಬಂದಾಗ ಕೆಟ್ಟ ಅಡುಗೆ ಮಾಡು. ನೀರು ಬೇಳೆ, ಬರೀ ಅನ್ನ. ತಾನಾಗಿ ಐದು ರಿಯಾಲ್ ಹೆಚ್ಚು ಕೊಡುತ್ತಾನೆ."

ಹರಿಣಾಕ್ಷಿ ಹಾಗೆಯೇ ಮಾಡಿದಳು. ಎರಡು ದಿನ ಉಪ್ಪೂ ಸರಿಯಿಲ್ಲದ ನೀರು ಸಾರು ಬಡಿಸಿದಳು. ಭೋಜರಾಜ ಅದನ್ನು ಕಲಸಿ ಉಂಡು, ಕೈ ತೊಳೆದು, "ಮನೆಯ ಊಟವೇ ಊಟ," ಎಂದು ಹೇಳಿ ವಿಮಾನ ಹತ್ತಿದ. ಪುಳಿಮುಂಚಿಗೂ ನೀರು ಸಾರಿಗೂ ಅವನ ನಾಲಿಗೆಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಶೆಡ್ಡಿನಲ್ಲಿ ಅವನು ಏನು ತಿನ್ನುತ್ತಾನೋ, ಯಾರ ಜೊತೆ ತಿನ್ನುತ್ತಾನೋ, ಹರಿಣಾಕ್ಷಿ ಕೇಳಿಯೇ ಇರಲಿಲ್ಲ. ಆ ದಿನ ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಆದರೆ ಕನಿಕರ ಹುಟ್ಟುವ ಹೊತ್ತಿಗೆ ಅವನು ಯಾವಾಗಲೂ ಹೊರಟಿರುತ್ತಿದ್ದ. ಅಲ್ಲಿಂದಾಚೆ ಅವಳ ಮಾತು ಕಡಿಮೆಯಾಯಿತು. ಫೋನ್ ಬಂದರೆ, "ಎಲ್ಲ ಸರಿ ಉಂಟು," ಅಷ್ಟೇ.

ಶರ್ಮಿಳ ಬೆಳೆದಳು. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಹದಿಮೂರನೇ ವರ್ಷದಲ್ಲಿ ಒಂದು ದಿನ ಅವಳ ಶಾಲೆಯ ಗೆಳತಿ ಇವ್ಲಿನ್ ಮನೆಗೆ ಬಂದಿದ್ದಳು. ಅದೇ ಹೊತ್ತಿಗೆ ಗುಲ್‌ಬೀಬಿ ಮೀನಿನ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತು, ಎಂದಿನ ತಮಾಷೆಯಲ್ಲಿ, "ತಗೋ, ನಿನ್ನ ಎರಡು ಆಡಿನ ಪಾಲು," ಎಂದಳು. ಇವ್ಲಿನ್‌ಗೆ ಹಿಂದಿ ಗೊತ್ತಿತ್ತು. ಅವಳು ಕಿಸಕ್ಕೆಂದಳು.

ಗೆಳತಿ ಹೋದ ಮೇಲೆ ಶರ್ಮಿಳ ಅಡುಗೆಕೋಣೆಗೆ ಬಂದಳು. "ಮಮ್ಮಿ, ಎರಡು ಆಡು ಅಂದ್ರೆ ಯಾರು? ಯು ಆಂಡ್ ಮಿ?"

"ತಮಾಷೆಗೆ ಹೇಳುವುದು ಮಗಾ."

"ಇಟ್ಸ್ ನಾಟ್ ಫನ್ನಿ. ಅದು ಆನಿಮಲ್ ಫುಡ್ ಅಂತ ಗೊತ್ತಿದ್ದೂ ನನಗೆ ಇಷ್ಟು ವರ್ಷ ಕೊಟ್ಟೆಯಾ?"

"ಊರಲ್ಲಿ ನಿನ್ನ ಅಜ್ಜಿ ಇದನ್ನೇ ಮಾರಿ ನನ್ನನ್ನು..." ಎಂದು ಹರಿಣಾಕ್ಷಿ ಶುರುಮಾಡಿದಳು. ಹುಡುಗಿ ಕೇಳಲಿಲ್ಲ. ಮತ್ತೆಂದೂ ಬೂತಾಯಿ ಮುಟ್ಟಲಿಲ್ಲ. ಬುಧವಾರಗಳಂದು ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತನ್ನ ಪುಸ್ತಕದೊಡನೆ ಮಂಚದ ಮೇಲೆ ಕೂರುತ್ತಿದ್ದಳು. ಹರಿಣಾಕ್ಷಿ ಜಾಮ್‌ಗೆಂದು ಸಕ್ಕರೆಯಲ್ಲಿ ಉಳಿಸಿದಳು. ತನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಸ್ವಲ್ಪ ದಿನದಲ್ಲಿ ಅದೇ ಅಭ್ಯಾಸವಾಯಿತು.

1995ರಲ್ಲಿ ಶರ್ಮಿಳ ಮಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುವುದೆಂದು ಆಯಿತು. ವಿಮಾನ ನಿಲ್ದಾಣದಲ್ಲಿ ಅವಳು ತಾಯಿಯನ್ನು ತಬ್ಬಿ, "ಟೇಕ್ ಕೇರ್ ಮಮ್ಮಿ, ಚೆನ್ನಾಗಿ ತಿನ್ನು," ಎಂದಳು. ಹರಿಣಾಕ್ಷಿ ಭೋಜರಾಜನಿಗೆ ಫೋನ್ ಮಾಡಿ, "ನಾನು ಇನ್ನು ಖಸಬ್‌ಗೆ ಬರಲಾ?" ಎಂದು ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಇಲ್ಲಿ ಬರೀ ಗಂಡಸರ ಶೆಡ್ಡು. ಇನ್ನು ಆ ರೂಮು ಒಮ್ಮೆ ಬಿಟ್ಟರೆ ಕಫೀಲ್ ಮತ್ತೆ ಕೊಡುವುದಿಲ್ಲ. ಶರ್ಮಿಳ ರಜೆಗೆ ಬಂದರೆ ಎಲ್ಲಿ ಇರುವುದು?" ಎಂದ. ಅದೂ ಸರಿಯೇ ಆಗಿತ್ತು.

ಮಾರನೇ ವರ್ಷ ಚಳಿಗಾಲದ ಒಂದು ಗುರುವಾರ ಗುಲ್‌ಬೀಬಿಯ ಮನೆಯ ಎದುರು ಲಾರಿ ನಿಂತಿತ್ತು. ಹರಿಣಾಕ್ಷಿ ಕೆಳಗಿಳಿದು ಹೋದಾಗ ಆಡಿನ ಕೊಟ್ಟಿಗೆ ಖಾಲಿ.

"ಯಾಕೂಬ್ ಸೀಬ್‌ನಲ್ಲಿ ಮನೆ ಕಟ್ಟಿಸಿದ್ದಾನೆ," ಎಂದಳು ಮುದುಕಿ. "ಆಡುಗಳನ್ನು ನಿನ್ನೆ ಮಾರಿದ. ಹೊಸ ಮನೆಯಲ್ಲಿ ವಾಸನೆ ಆಗುವುದಿಲ್ಲವಂತೆ. ಖಲಾಸ್."

"ಮೊದಲೇ ಹೇಳಲಿಲ್ಲ ಮೌಸಿ."

"ಹೇಳಿದ್ದರೆ ನೀನು ಅಳುತ್ತಿದ್ದೆ. ನಾನೂ ಅಳುತ್ತಿದ್ದೆ. ಮೀನು ಯಾರು ಆರಿಸುವುದು?"

ಸೊಸೆ ಕಾರಿನಿಂದ ಹಾರ್ನ್ ಹೊಡೆದಳು. ಗುಲ್‌ಬೀಬಿ ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಗಾಜು ಇಳಿಸಲು ಪ್ರಯತ್ನಿಸಿದಳು. ಗುಂಡಿ ಯಾವುದೆಂದು ತಿಳಿಯಲಿಲ್ಲ. ಗಾಜಿನ ಒಳಗಿನಿಂದಲೇ ಕೈ ಎತ್ತಿದಳು.

ಮುಂದಿನ ಬುಧವಾರ ಪಿಕಪ್ ಬಂತು. ಹರಿಣಾಕ್ಷಿ ಹೋಗಿ ನಿಂತಳು. ಮಾರುವವನು ಬುಟ್ಟಿ ಮುಂದಿಟ್ಟ. ಸುತ್ತಲಿನ ಹಳೇ ಮನೆಗಳಲ್ಲಿ ಆಡು ಸಾಕುವವರು ಬೇರೆ ಯಾರೂ ಉಳಿದಿರಲಿಲ್ಲ. ಅವಳು ಇಡೀ ಬುಟ್ಟಿ ಕೊಂಡಳು. ಸಂಜೆಯವರೆಗೆ ಕುಳಿತು ಅಷ್ಟನ್ನೂ ಶುಚಿ ಮಾಡಿ, ಉಪ್ಪು ಹಾಕಿ ಟೆರೇಸಿನಲ್ಲಿ ಒಣಗಿಸಿದಳು. ಒಬ್ಬಳೇ ತಿಂದು ಅದು ಮುಗಿಯಲಿಲ್ಲ. ಮೇಲಿನ ಮಹಡಿಗೆ ಹೊಸದಾಗಿ ಬಂದವರು ವಾಸನೆಯೆಂದು ದೂರು ಕೊಟ್ಟರು. ಕೆಲವು ವಾರಗಳ ನಂತರ ಪಿಕಪ್ಪೂ ಆ ಕಡೆ ಬರುವುದನ್ನು ನಿಲ್ಲಿಸಿತು.

ಒಬ್ಬಳಾದ ಮೇಲೆ ಖರ್ಚು ಕಡಿಮೆಯಾಗಬೇಕಿತ್ತು. ಹಾಗಾಗಲಿಲ್ಲ. ಪೆಟ್ಟಿಗೆ ಕೊಂಡರೆ ಕೊಳೆಯುತ್ತದೆ, ಕಾಲು ಕಿಲೋ ಕೊಂಡರೆ ದುಪ್ಪಟ್ಟು. ಅವಳು ತಿನ್ನುವುದನ್ನೇ ಕಡಿಮೆ ಮಾಡಿದಳು. ಬೆಳಿಗ್ಗೆ ಮಾಡಿದ್ದನ್ನು ಮೂರು ಹೊತ್ತಿಗೆ ಎಳೆದಳು. ಆದರೂ ಶುಕ್ರವಾರ ಬೆಳಿಗ್ಗೆ ವಾದಿ ಕಬೀರ್‌ಗೆ ನಡೆದು ಹೋಗುವುದನ್ನು ಬಿಡಲಿಲ್ಲ. ಏನನ್ನೂ ಕೊಳ್ಳದೆ ಪೆಟ್ಟಿಗೆಗಳ ನಡುವೆ ಸುತ್ತಿ, ಇದಕ್ಕೆ ಎಷ್ಟು, ಅದಕ್ಕೆ ಎಷ್ಟು ಎಂದು ಕೇಳುತ್ತಿದ್ದಳು. ಮಾರುವವರು ಹೇಳುತ್ತಿದ್ದರು, ಹೆಚ್ಚಾಯಿತು ಎಂದು ಇವಳು ಚೌಕಾಸಿ ಮಾಡುತ್ತಿದ್ದಳು, ಅವರು ಇಳಿಸುತ್ತಿದ್ದರು, ಇವಳು ಮುಂದೆ ಹೋಗುತ್ತಿದ್ದಳು. ಕೆಲವರು ಬೈದರು. ಬಾಕಿ ಆರು ದಿನ ಅವಳ ಬಾಯಿಂದ ಹೊರಡುತ್ತಿದ್ದ ಮಾತು ಮೊಯ್ದೀನ್ ಬ್ಯಾರಿಯ ಅಂಗಡಿಯಲ್ಲಿ ಆಡುವ ನಾಲ್ಕು ಮಾತು ಮಾತ್ರ. ಒಮ್ಮೆ ಅವರು, "ಅಕ್ಕಾ, ನಿಮ್ಮ ಸ್ವರ ಯಾಕೆ ಹೀಗೆ ಬಿದ್ದಿದೆ? ಶೀತವಾ?" ಎಂದು ಕೇಳಿದರು. ಅವಳು ಹೌದೆಂದಳು.

1999ರಲ್ಲಿ ಖಸಬ್‌ನ ಶೆಡ್ ಮುಚ್ಚಿತು. ಭೋಜರಾಜನಿಗೆ ಸಕ್ಕರೆ ಕಾಯಿಲೆ ಹಿಡಿದು ಕಣ್ಣು ಮಂಜಾಗಿತ್ತು. ಕಫೀಲ್ ಲೆಕ್ಕ ಚುಕ್ತಾ ಮಾಡಿ ಇಬ್ಬರಿಗೂ ಟಿಕೆಟ್ ತೆಗೆದುಕೊಟ್ಟ. ಹನ್ನೆರಡು ವರ್ಷದ ನಂತರ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಸತತ ಹತ್ತು ದಿನ ಇದ್ದರು. ಮೊದಲ ಬೆಳಿಗ್ಗೆ ಅವನು ಅವಳ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿ ತಂದುಕೊಟ್ಟ. ಅವಳು ಕುಡಿದಳು.

ಹೊರಡುವ ಹಿಂದಿನ ದಿನ ಅವನು ಅವಳನ್ನು ರೂವಿ ಪೇಟೆಗೆ ಕರೆದುಕೊಂಡು ಹೋದ. ಕ್ರಯ ಕೇಳದೆ ಹಾಲಿನ ಪುಡಿ, ಪಿಸ್ತಾ, ಸಾಬೂನು, ಸೆಂಟು ತುಂಬಿಸುತ್ತ ಹೋದ. ಹರಿಣಾಕ್ಷಿ ಹಿಂದೆ ಹಿಂದೆ ನಡೆದಳು. ಪಿಸ್ತಾ ಎರಡು ಅಂಗಡಿ ಆಚೆ ಮುನ್ನೂರು ಬೈಸಾ ಕಡಿಮೆ ಎಂದು ಅವಳಿಗೆ ಗೊತ್ತಿತ್ತು. ಹೇಳಲಿಲ್ಲ.

"ನಿನಗೆಂತ ಬೇಕು? ಎಲ್ಲ ಬೇರೆಯವರಿಗೇ ಆಯಿತು," ಎಂದು ಅವನು ತಿರುಗಿ ಕೇಳಿದ.

ಅವಳು ತುಂಬಿದ ಕಪಾಟುಗಳನ್ನು ನೋಡಿದಳು. "ನನಗೆ ಒಮ್ಮೆ ಸೀಬ್‌ಗೆ ಹೋಗಬೇಕು," ಎಂದಳು. "ಅಲ್ಲಿ ಒಬ್ಬರಿದ್ದಾರೆ."

ಭೋಜರಾಜ ಗಡಿಯಾರ ನೋಡಿದ, ಗೊಣಗಿದ, ಆದರೂ ಟ್ಯಾಕ್ಸಿ ಹಿಡಿದ. ಯಾಕೂಬ್‌ನ ಹೆಸರು, ಸೇನೆಯಲ್ಲಿದ್ದದ್ದು, ಇಷ್ಟೇ ಗುರುತು. ಮೂರು ಕಡೆ ಕೇಳಿ ಮನೆ ಸಿಕ್ಕಿತು. ಬಿಳಿಯ ದೊಡ್ಡ ಮನೆ, ಕಬ್ಬಿಣದ ಗೇಟು. ಸೊಸೆ ಮರ್ಯಾದೆಯಿಂದ ಒಳಗೆ ಕರೆದು ಕಾಫಿ, ಖರ್ಜೂರ ತಂದಿಟ್ಟಳು. ಭೋಜರಾಜ ಯಾಕೂಬ್ ಜೊತೆ ಹೊರಗಿನ ಕೋಣೆಯಲ್ಲಿ ಕುಳಿತ.

ಗುಲ್‌ಬೀಬಿ ಒಳಗೆ ಎಸಿ ಹಾಕಿದ ಕೋಣೆಯಲ್ಲಿ ದಿಂಬಿಗೆ ಒರಗಿದ್ದಳು. ಸೊರಗಿದ್ದಳು. ಹರಿಣಾಕ್ಷಿಯನ್ನು ಕಂಡವಳೇ ಕೈ ಚಾಚಿದಳು. "ಬಂದೆಯಾ! ಎಷ್ಟು ಸಣ್ಣಗಾಗಿದ್ದೀ. ಏನು ತಿನ್ನುತ್ತೀ?"

"ಎಲ್ಲ ತಿನ್ನುತ್ತೇನೆ ಮೌಸಿ."

"ಸುಳ್ಳು," ಎಂದಳು ಮುದುಕಿ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಾನು ಇಲ್ಲಿಗೆ ಬಂದ ಮೇಲೆ ಒಂದು ಬೈಸಾದ ಸಾಮಾನು ಕೊಂಡಿಲ್ಲ. ಎಲ್ಲ ಅವರೇ ಕಾರಿನಲ್ಲಿ ತರುತ್ತಾರೆ. ಮೀನು ತುಂಡು ಮಾಡಿಯೇ ಬರುತ್ತದೆ, ಯಾವ ಮೀನೆಂದೇ ಗೊತ್ತಾಗುವುದಿಲ್ಲ. ಒಳ್ಳೆಯ ಮಕ್ಕಳು. ಏನೂ ಕೊರತೆಯಿಲ್ಲ." ಹರಿಣಾಕ್ಷಿಯ ಅಂಗೈಯನ್ನು ತನ್ನ ಎರಡು ಕೈಯೊಳಗೆ ಹಿಡಿದುಕೊಂಡೇ ಇದ್ದಳು. "ಟೊಮೆಟೊ ಈಗ ಎಷ್ಟು?"

ಹರಿಣಾಕ್ಷಿ ಹೇಳಿದಳು. ಪೆಟ್ಟಿಗೆಗೆ ಎಷ್ಟು, ಮುಚ್ಚುವ ಹೊತ್ತಿಗೆ ಎಷ್ಟಕ್ಕೆ ಇಳಿಸುತ್ತಾರೆ, ಈರುಳ್ಳಿ ಹೋದ ತಿಂಗಳು ಎಷ್ಟಿತ್ತು, ಎಲ್ಲ. ಗುಲ್‌ಬೀಬಿ ಕಣ್ಣು ಮುಚ್ಚಿ ಕೇಳಿದಳು. ಒಂದೊಂದಕ್ಕೂ "ಹೆಚ್ಚಾಯಿತು, ಹೆಚ್ಚಾಯಿತು," ಎನ್ನುತ್ತಿದ್ದಳು. ಹೊರಗಿನಿಂದ ಭೋಜರಾಜ ಕೆಮ್ಮಿದ್ದು ಕೇಳಿಸಿತು. ಎರಡನೇ ಸಲ ಕೆಮ್ಮಿದಾಗ ಹರಿಣಾಕ್ಷಿ ಎದ್ದಳು. ನಾಳೆ ಊರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಹೇಳಲು ಬಂದವಳು ಅದನ್ನು ಹೇಳದೆಯೇ ಹೊರಬಂದಳು.

ಟ್ಯಾಕ್ಸಿಯಲ್ಲಿ ಸ್ವಲ್ಪ ದೂರ ಬಂದ ಮೇಲೆ ಭೋಜರಾಜ ಕೇಳಿದ: "ಯಾರದು? ನನಗೆ ಒಮ್ಮೆಯೂ ಹೇಳಿಲ್ಲವಲ್ಲ."

ಹರಿಣಾಕ್ಷಿ ಯೋಚಿಸಿದಳು. ಹೇಳುವುದಕ್ಕೆ ಹನ್ನೆರಡು ವರ್ಷದ ಮಾತಿತ್ತು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ.

"ಮೀನು ತಕ್ಕೊಳ್ಳುವಾಗ ಪರಿಚಯ," ಎಂದಳು.

"ಅಷ್ಟಕ್ಕೆ ಇಷ್ಟು ದೂರವಾ?" ಎಂದ ಅವನು, ಬೈಯುವ ದನಿಯಲ್ಲಲ್ಲ, ನಿಜಕ್ಕೂ ಅರ್ಥವಾಗದೆ. ಅವಳು ಕಿಟಕಿಯ ಕಡೆ ತಿರುಗಿದಳು. ರಸ್ತೆಯ ಬದಿಯಲ್ಲಿ ಹೊಸ ಹೊಸ ಮನೆಗಳು ಸಾಲಾಗಿ ಹಿಂದೆ ಸರಿಯುತ್ತಿದ್ದವು.